ನಾನೂರು ರೂಪಾಯಿಯ ಸಮುದ್ರಯಾನ

“ನಾನೂರು! ಬರೇ ನಾನೂರು! ಅದರ ಮ್ಯಾಲೆ ಒಂದ ರೂಪಾಯಿ ಹೆಚ್ಚಾತಂದ್ರ, ಈ ತಿಜೂರಿ ಕೀಲಿಕೈ ಅವತ್ತಿನಿಂದ ನಿನ್ನ ಸೆರಗಿಗೆ!”

ಹೀಗೆಂದು ಬಾಬಾಸಾಹೇಬ ಉಡದಾರಕ್ಕೆ ಕಟ್ಟಿದ್ದ ಕೀಲಿಕೈಯನ್ನು ಅಂಗಿಯ ಮೇಲಿಂದಲೇ ಪಟಪಟ ಬಡಿದು ತೋರಿಸಿದ. ಹೆಂಡತಿ ರೂಪಾಲಿ ಚಕ್ಕುಲಿ ಡಬ್ಬಿಯ ಮುಚ್ಚಳ ಒತ್ತುತ್ತಿದ್ದವಳು ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು. ಆ ಕೀಲಿಕೈ ಬಾಬಾಸಾಹೇಬನ ಅಪ್ಪನ ಸೊಂಟದಿಂದ ನೇರವಾಗಿ ಬಾಬಾಸಾಹೇಬನ ಸೊಂಟಕ್ಕೆ ಬಂದದ್ದು. ಹನ್ನೆರಡು ವರ್ಷದ ಸಂಸಾರದಲ್ಲಿ ರೂಪಾಲಿ ಅದನ್ನು ಮುಟ್ಟಿದ್ದು ಒಂದೇ ಸಲ, ಅದೂ ಆತನಿಗೆ ಟೈಫಾಯಿಡ್ ಆದಾಗ!

ಆಗಿದ್ದು ಇಷ್ಟು. ಬಾಬಾಸಾಹೇಬನದು ಹುಕ್ಕೇರಿಯಲ್ಲಿ ಪೈಪು, ಪಂಪುಸೆಟ್ಟಿನ ಅಂಗಡಿ. ಆ ವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಪೈಪು ಹೇಗೆ ಮಾರಾಟವಾಯಿತೆಂದರೆ ಪೈಪಿನ ಕಂಪನಿಯವರು ಖುಷಿಯಾಗಿ, ಈ ಭಾಗದ ವ್ಯಾಪಾರಿಗಳನ್ನೆಲ್ಲ ಮನೆಮಂದಿ ಸಮೇತ ಹಡಗು ಹತ್ತಿಸಲು ತೀರ್ಮಾನಿಸಿದರು. ಮುಂಬೈಯಿಂದ ಗೋವಾಕ್ಕೆ ಎರಡು ರಾತ್ರಿಯ ಸಮುದ್ರಯಾನ! ಟಿಕೇಟು ಪುಕಟ್ಟೆ, ಹಾಸಿಗೆ ಪುಕಟ್ಟೆ, ಊಟ ಪುಕಟ್ಟೆ. ಕಂಪನಿಯ ಪತ್ರದ ಕೊನೆಗೆ ಮಾತ್ರ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲು: “ಮಕ್ಕಳ ಆಟ ಹಾಗೂ ತಿನಿಸಿನ ಖರ್ಚು ತಮ್ಮದು.”

ಆ ಒಂದು ಸಾಲಿಗಾಗಿ ಬಾಬಾಸಾಹೇಬ ಮೂರು ದಿನ ತಲೆ ಕೆಡಿಸಿಕೊಂಡ. ಹಿಂದಿನ ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಲು ಹೋದಾಗ ರೂಪಾಲಿ ಮಕ್ಕಳ ಖಾವಿಗೆ ನೂರಾ ನಲವತ್ತು ರೂಪಾಯಿ ಬಿಚ್ಚಿದ್ದಳು. ಖಾವು ಅಂದರೆ ಮಕ್ಕಳ ಬಾಯಿಚಪಲದ ಬಾಬತ್ತು. ಗೋಕಾಕದಿಂದ ಹುಕ್ಕೇರಿಯವರೆಗೆ ಬಸ್ಸಿನಲ್ಲಿ ಆತ ಮಾಡಿದ ಭಾಷಣ ಕೇಳಿ ಕಂಡಕ್ಟರನೂ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿ ಕೊಟ್ಟಿದ್ದ. ಈ ಸಲ ಹಾಗಾಗಬಾರದು! ಈ ಸಲ ಶಾಸ್ತ್ರೋಕ್ತ ಬಜೆಟ್ಟು!

ಮಗ ಶ್ರೇಯಸನಿಗೆ ಹನ್ನೊಂದು, ಮಗಳು ಭಕ್ತಿಗೆ ಏಳು. ಒಬ್ಬೊಬ್ಬರಿಗೆ ಎರಡು ಪಾಕೀಟು. ಖಾವಿಗೆ ಎಂಬತ್ತು, ಆಟಕ್ಕೆ ನೂರಾ ಇಪ್ಪತ್ತು. ಪಾಕೀಟಿನ ಮೇಲೆ ಮಕ್ಕಳ ಹೆಸರು, ಅಂಗಡಿಯ ಸಿಕ್ಕಾ ಬೇರೆ. ಒಳಗೆ ಒಂದು ಚೀಟಿಯಲ್ಲಿ ಕಾಯಿದೆ: “ಕಲಮು ಒಂದು, ಹಟ ಮಾಡಿದರೆ ಐದು ರೂಪಾಯಿ ಕಟ್. ಕಲಮು ಎರಡು, ಮೈಮೇಲೆ ಚೆಲ್ಲಿಕೊಂಡದ್ದಕ್ಕೆ ಬದಲಿ ಸಿಗುವುದಿಲ್ಲ. ಕಲಮು ಮೂರು, ಪಾಕೀಟು ಖಾಲಿಯಾದರೆ ಅಳುವಂತಿಲ್ಲ.”

“ಅಲ್ರಿ,” ಎಂದಳು ರೂಪಾಲಿ, “ಹಡಗದಾಗಿನ ಧಾರಣಿ ನಮಗೇನ ಗೊತ್ತೈತಿ? ನಾನೂರ ಸಾಲಂಗಿಲ್ರಿ.”

“ಐಸ್‌ಕ್ಯಾಂಡಿ ಹುಕ್ಕೇರ್ಯಾಗ ಎರಡ ರೂಪಾಯಿ. ಹಡಗದಾಗ ದುಪ್ಪಟ್ಟ ಹಿಡಿ, ನಾಕ್ ಆತು. ಮೂರಪಟ್ಟ ಹಿಡಿ, ಆರು! ಐಸ್ ಏನ್ ಬಂಗಾರದ್ದ ಇರತೈತೇನ?”

“ನೀವು ಹ್ವಾದ ವರ್ಷ ಬಸದ್ಯಾಗ ಎರಡ ಸಾವಿರಕ್ಕ ಸವಾಲ ಹಿಡದ್ರಲ್ಲ, ಅವತ್ತ ಎಲ್ಲಿ ಹೋಗಿತ್ರಿ ಈ ಪಾಕೀಟ?”

ಬಾಬಾಸಾಹೇಬ ಸೆಟೆದು ಕೂತ. ಬಸದಿಯಲ್ಲಿ ಮೊದಲ ಕಳಶದ ಅಭಿಷೇಕ ಯಾರದು ಎಂಬುದನ್ನು ಸವಾಲಿನಲ್ಲಿ ತೀರ್ಮಾನಿಸುವುದು ರೂಢಿ. ಗಂಡಸರು ಒಂದು ಬಾಜೂ, ಹೆಂಗಸರು ಒಂದು ಬಾಜೂ ಕೂತಿರುತ್ತಾರೆ. ಕೂಗು ಎರಡೂ ಕಡೆಯಿಂದ ಏರುತ್ತದೆ. ಹೆಚ್ಚು ಕೂಗಿದವರಿಗೆ ಮಾನ. ರೊಕ್ಕ ಮಾತ್ರ ಮುಂದಿನ ವರ್ಷದೊಳಗೆ ಸಾವಕಾಶ ಮುಟ್ಟಿಸಿದರಾಯಿತು. ಆ ಕೂಗು ಕಿವಿಗೆ ಬಿದ್ದರೆ ಸಾಕು, ಬಾಬಾಸಾಹೇಬನ ಕೈ ತಾನಾಗಿ ಮೇಲೆ ಹೋಗುತ್ತಿತ್ತು. ಹೋದ ವರ್ಷ ರೂಪಾಲಿ ಹೆಂಗಸರ ಬಾಜೂದಿಂದ “ಸಾಕ್ರಿ” ಎಂದು ಸನ್ನೆ ಮಾಡಿದ್ದಕ್ಕೆ ಮನೆಗೆ ಬಂದು ಒಂದು ವಾರ ಮುನಿಸಿಕೊಂಡಿದ್ದ.

“ಅದು ಧರ್ಮದ ಬಾಬತ್ತು! ಆ ಖಾತೇನ ಬ್ಯಾರೆ!” ಎಂದ. “ಮತ್ತ, ಸವಾಲ ನಡದಾಗ ನಡುವ ಬಾಯಿ ಹಾಕಬಾರದಂತ ನಿನಗ ಎಷ್ಟ ಸಲಾ ಹೇಳೇನಿ?”

“ಇನ್ನ ಹಾಕೂದಿಲ್ ಬಿಡ್ರಿ,” ಎಂದು ರೂಪಾಲಿ ಚಕ್ಕುಲಿ ಡಬ್ಬಿಯ ಮುಚ್ಚಳವನ್ನು ಟಪ್ಪನೆ ಒತ್ತಿದಳು.

ದೀಪಾವಳಿ ಸೂಟಿಯಲ್ಲಿ ದಂಡು ಹೊರಟಿತು. ಬಾಬಾಸಾಹೇಬ, ರೂಪಾಲಿ, ಇಬ್ಬರು ಮಕ್ಕಳು, ಜತೆಗೆ ಬಾಬಾಸಾಹೇಬನ ತಾಯಿ ತಾರಾಬಾಯಿ. ತಾರಾಬಾಯಿಗೆ ಎಪ್ಪತ್ತು ದಾಟಿತ್ತು. ಕಣ್ಣು ಚುರುಕು, ಕಾಲು ಗಟ್ಟಿ, ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ಬಾಯಿಗಿಡದ ನೇಮ. ಆ ನೇಮ ಮನೆಮಂದಿಗೆಲ್ಲ. ಬಾಬಾಸಾಹೇಬನ ಬಜೆಟ್ಟಿಗೆ ಅದೇ ಅಡಿಪಾಯ. ಸಂಜೆ ಆರರ ಮೇಲೆ ಖಾವು ಬಂದ್, ಖರ್ಚೂ ಬಂದ್! ಧರ್ಮಕ್ಕೆ ಧರ್ಮ, ಉಳಿತಾಯಕ್ಕೆ ಉಳಿತಾಯ!

ಮುಂಬೈ ಬಂದರಿನಲ್ಲಿ ಹಡಗು ಕಂಡದ್ದೇ ಎಲ್ಲರ ಬಾಯಿ ತೆರೆದಂತೆಯೇ ಉಳಿಯಿತು. ಅದು ಹಡಗೋ, ಹುಕ್ಕೇರಿಯ ಬಜಾರನ್ನು ಒಂದರ ಮೇಲೊಂದು ಏಳು ಸಲ ಪೇರಿಸಿ ಸುಣ್ಣ ಹೊಡೆದದ್ದೋ! ಹಡಗು ಹೊರಡುವಾಗ ಭೋಂಗಾ ಕೂಗಿತು. ಭೋಂ! ಡೆಕ್ಕಿನ ಮೇಲಿದ್ದವರೆಲ್ಲ ಒಂದು ಗೇಣು ಮೇಲೆ ಹಾರಿದರು. ಭಕ್ತಿಯೊಬ್ಬಳು ಮಾತ್ರ ಕಣ್ಣು ಅರಳಿಸಿ ನಿಂತಳು.

“ಪಪ್ಪಾ! ಗೋಕಾಕ ಗಿರಣಿ ಭೋಂಗಾಕ್ಕಿಂತ ದೊಡ್ಡದೈತಿ! ನಾ ಒಮ್ಮೆ ಒತ್ಲಿ?”

“ಬಜೆಟ್‌ನ್ಯಾಗ ಇಲ್ಲವ್ವ.”

“ಒಮ್ಮೆ, ಪಪ್ಪಾ!”

“ಹಟ ಮಾಡಿದ್ರ ಐದ ರೂಪಾಯಿ ಕಟ್.”

ಭಕ್ತಿ ಹಟ ಬಿಟ್ಟಳು. ಆದರೆ ಹಡಗು ಕೂಗಿದಾಗಲೆಲ್ಲ ಬೆರಳೊಂದನ್ನು ಗಾಳಿಯಲ್ಲಿ ಒತ್ತುವುದು ಬಿಡಲಿಲ್ಲ. ಅದು ಬಾಬಾಸಾಹೇಬನ ಕಣ್ಣಿಗೆ ಬೀಳದೆ ಇರಲಿಲ್ಲ. ಅಂಗಿಯ ಮೇಲಿಂದ ಕೀಲಿಕೈ ಮುಟ್ಟಿಕೊಂಡು ಮನಸ್ಸು ಗಟ್ಟಿ ಮಾಡಿಕೊಂಡ.

ಮನಸ್ಸು ಗಟ್ಟಿ ಮಾಡಿಕೊಂಡದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಹತ್ತು ನಿಮಿಷದಲ್ಲಿ ಐಸ್‌ಕ್ರೀಮಿನ ಅಂಗಡಿಯ ಫಲಕ ಕಂಡಿತು. ಒಂದು ಕಪ್ಪಿಗೆ ಅರವತ್ತು ರೂಪಾಯಿ! ಬಾಬಾಸಾಹೇಬ ಕಣ್ಣು ತಿಕ್ಕಿ ನೋಡಿದ. ಆರರ ಮುಂದಿನ ಸೊನ್ನೆ ನೊಣವಿರಬಹುದೆಂದು ಬೆರಳಿಂದ ಕೆರೆದೂ ನೋಡಿದ. ಸೊನ್ನೆ ಹಾರಲಿಲ್ಲ. ವಿಡಿಯೋ ಗೇಮಿನ ಟೋಕನ್ನಿಗೆ ಐವತ್ತು! ರಿಂಗು ಎಸೆಯುವ ಆಟಕ್ಕೆ ಐವತ್ತು! ಜೋಳದ ಅರಳಿಗೆ ನಲವತ್ತು!

“ಐಸ್ ಬಂಗಾರದ್ದ ಐತೇನ್ರಿ?” ರೂಪಾಲಿ ಮೆಲ್ಲಗೆ ಕೇಳಿದಳು.

ಬೇರೆ ಯಾರಾದರೂ ಅಲ್ಲೇ ಶರಣಾಗುತ್ತಿದ್ದರು. ಬಾಬಾಸಾಹೇಬನಿಗೆ ಹುರುಪು ಇಮ್ಮಡಿಯಾಯಿತು. ನಾಲ್ಕೂ ಪಾಕೀಟುಗಳನ್ನು ಒಂದೇ ಕಿಸೆಗೆ ಸೇರಿಸಿ ತುರ್ತು ಪರಿಸ್ಥಿತಿ ಘೋಷಿಸಿದ. ಪುಕಟ್ಟೆ ಮನರಂಜನೆ ಎಲ್ಲೆಲ್ಲಿದೆ ಎಂದು ಹಡಗೆಲ್ಲ ಸುತ್ತಿ ಪತ್ತೆ ಹಚ್ಚಿದ. ಲಿಫ್ಟು! ಹುಕ್ಕೇರಿಯಲ್ಲಿ ಇಲ್ಲದ ವಸ್ತು! ಮಕ್ಕಳು ಮೊದಲ ದಿನ ಲಿಫ್ಟಿನಲ್ಲಿ ಮೂವತ್ತೊಂದು ಸಲ ಮೇಲೆ ಕೆಳಗೆ ಆಡಿದರು. ಮೂವತ್ತೆರಡನೆಯ ಸಲ ಲಿಫ್ಟಿನವನು ಕೈಮುಗಿದ. ಅಷ್ಟರ ಮೇಲೆ ತಲೆಗೊಂದು ಟೋಕನ್ನು, ಇಬ್ಬರ ನಡುವೆ ಒಂದು ಪೊಟ್ಟಣ ಅರಳು. ಒಟ್ಟು ನೂರಾ ನಲವತ್ತು. ಮರುದಿನ ತಲೆಗೊಂದು ರಿಂಗಿನ ಆಟ, ನೂರು. ಮಧ್ಯಾಹ್ನದ ಹೊತ್ತಿಗೆ ಬಾಬಾಸಾಹೇಬ ಮೂಡಲಗಿಯ ವ್ಯಾಪಾರಿ ಪರಪ್ಪನನ್ನು ಹಿಡಿದು ಉಳಿತಾಯದ ಬಗ್ಗೆ ಉಪದೇಶ ಶುರು ಮಾಡಿದ್ದ. ಪರಪ್ಪನ ಮೂರು ಮಕ್ಕಳು ಅಷ್ಟರಲ್ಲಿ ಅಪ್ಪನ ಎರಡು ಸಾವಿರ ಕರಗಿಸಿದ್ದವು.

ಎರಡನೆಯ ಸಂಜೆ ಐಸ್‌ಕ್ರೀಮಿನ ಮುಹೂರ್ತ. ಒಂದು ಕಪ್ಪು, ಎರಡು ಚಮಚೆ. ಊಟವೆಲ್ಲ ಐದೂವರೆಗೇ ಮುಗಿದಿತ್ತು. ಆದರೆ ಸಾಲು ಉದ್ದ. ಕಪ್ಪು ಕೈಗೆ ಬಂದು, ಮಕ್ಕಳು ಚಮಚೆ ಎತ್ತಿದ್ದಾರೆ, ಅಷ್ಟರಲ್ಲಿ ಸಮುದ್ರದ ಕಡೆ ಮುಖ ಮಾಡಿ ಜಪಮಣಿ ಹಿಡಿದು ಕೂತಿದ್ದ ತಾರಾಬಾಯಿಯ ತೀರ್ಪು ಬಂತು.

“ಮುಣಗಿದ! ಬಾಯಿ ಮುಚ್ಚರಿ!”

ಭಕ್ತಿಯ ಚಮಚೆ ತುಟಿಯ ಹತ್ತಿರ ನಿಂತಿತು. ಶ್ರೇಯಸನ ಮುಖ ಸಣ್ಣದಾಯಿತು. ಬಾಬಾಸಾಹೇಬನಿಗಂತೂ ಅರವತ್ತು ರೂಪಾಯಿ ಕಣ್ಣೆದುರೇ ನೀರಾಗುತ್ತಿರುವುದು ಕಂಡಿತು. ತಾಯಿಯ ಮಾತು ಮೀರುವಂತಿಲ್ಲ, ರೊಕ್ಕ ಚೆಲ್ಲುವಂತಿಲ್ಲ! ಏಕಾಏಕಿ ಆತನ ತಲೆಯಲ್ಲಿ ದೀಪ ಹತ್ತಿತು.

“ಇಲ್ಲಿ ಮುಣಗ್ಯಾನ! ಮ್ಯಾಲೆ ಇನ್ನ ಅದಾನ! ಓಡ್ರಿ!”

ಕಪ್ಪನ್ನು ಎದೆಗವಚಿ ಬಾಬಾಸಾಹೇಬ ಓಡಿದ. ಹಿಂದೆ ಶ್ರೇಯಸ, ಅವನ ಹಿಂದೆ ಭಕ್ತಿ. ಒಂದು ಮೆಟ್ಟಿಲ ಸಾಲು, ಎರಡು, ಮೂರು! ನಡುವೆ ಯಾರದೋ ಟೋಪಿ ಬಿತ್ತು, ಯಾರದೋ ಕಾಲು ತುಳಿತಕ್ಕೆ ಸಿಕ್ಕಿತು. ಎಲ್ಲಕ್ಕೂ ಮೇಲಿನ ಡೆಕ್ಕಿಗೆ ಬಂದು ನೋಡುತ್ತಾರೆ, ಆಹಾ! ನೀರಿನ ಅಂಚಿನಲ್ಲಿ ಕೆಂಪನೆಯ ಉಗುರಿನಷ್ಟು ಸೂರ್ಯ ಇನ್ನೂ ಇದ್ದಾನೆ!

“ನುಂಗ್ರಿ! ಲಗೂ ನುಂಗ್ರಿ! ನೋಡ್ಕೋತ ಕುಂದ್ರಬ್ಯಾಡ್ರಿ!”

ಮಕ್ಕಳು ಎರಡೂ ಕಡೆಯಿಂದ ಕಪ್ಪಿನ ಮೇಲೆ ಬಿದ್ದರು. ಮೂಗಿಗೆ, ಗಲ್ಲಕ್ಕೆ, ಅಂಗಿಗೆ! ಕೊನೆಯ ಚಮಚೆಗೂ ಸೂರ್ಯನಿಗೂ ಒಟ್ಟಿಗೇ ಮುಕ್ತಾಯವಾಯಿತು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ತಾರಾಬಾಯಿ ಕಪ್ಪು ನೋಡಿದಳು, ನೀರಿನಂಚು ನೋಡಿದಳು, ತಪ್ಪು ಹಿಡಿಯಲಾಗದೆ ಮತ್ತೆ ಜಪಮಣಿ ಎಣಿಸತೊಡಗಿದಳು. ಬಾಬಾಸಾಹೇಬ ಲೆಕ್ಕ ಹಾಕಿದ. ಖರ್ಚು ಮುನ್ನೂರು, ಉಳಿದದ್ದು ನೂರು. ಬೆಳಗಾದರೆ ಗೋವಾ. ಗೆದ್ದೆ! ಗೆದ್ದೇಬಿಟ್ಟೆ!

ಗೆದ್ದವನು ಸೀದಾ ಹೋಗಿ ಮಲಗಿಕೊಳ್ಳಬೇಕಿತ್ತು.

ಏಳು ಗಂಟೆಗೆ ದೊಡ್ಡ ಹಾಲಿನಲ್ಲಿ ಕಂಪನಿಯ ಕಾರ್ಯಕ್ರಮ. ಕುರ್ಚಿಗಳನ್ನು ಸುಮ್ಮನೆ ಸಾಲಾಗಿ ಇಟ್ಟಿದ್ದರು, ಎಲ್ಲಿ ಬೇಕಾದರೂ ಕೂಡಬಹುದಿತ್ತು. ಆದರೆ ನಮ್ಮ ಕಡೆಯ ಜನ! ಯಾರೂ ಹೇಳದೆ, ಯಾರೂ ಕೇಳದೆ, ಗಂಡಸರು ಎಡಗಡೆ, ಹೆಂಗಸರು ಬಲಗಡೆ ಕೂತರು. ನಡುವೆ ವಾದ್ಯದವರ ಆಳೆತ್ತರದ ಕರಿ ಸ್ಪೀಕರ್ ಡಬ್ಬಿಗಳು. ಈ ಕಡೆಯವರಿಗೆ ಆ ಕಡೆಯವರು ಕಾಣುವಂತಿರಲಿಲ್ಲ, ವಾದ್ಯದ ಅಬ್ಬರದಲ್ಲಿ ಯಾರ ಧ್ವನಿ ಎಂದು ತಿಳಿಯುವಂತೆಯೂ ಇರಲಿಲ್ಲ. ತಾರಾಬಾಯಿ ಭಕ್ತಿಯನ್ನು ಕರೆದುಕೊಂಡು ಬಲಗಡೆ ಹೋದಳು. ಬಾಬಾಸಾಹೇಬ ಪರಪ್ಪನ ಪಕ್ಕ ಎಡಗಡೆ ಕೂತ. ರೂಪಾಲಿ ಶ್ರೇಯಸನ ಅಂಗಿ ತೊಳೆಸಿಕೊಂಡು ಬರಲು ಹೋದವಳು ಇನ್ನೂ ಬಂದಿರಲಿಲ್ಲ.

ಕಂಪನಿಯ ಗೋಕಾಕದ ಏಜೆಂಟ ಕಿಶೋರ ಮೈಕು ಹಿಡಿದ.

“ಕೇಳ್ರಿ, ಕೇಳ್ರಿ! ಈ ಹಡಗದ ನೌಕರರ ಮಕ್ಕಳ ಸಾಲಿ ಫಂಡಿಗೆ ಒಂದ ಸವಾಲ ಇಟ್ಟೇವ್ರಿ. ಯಾರ ಹೆಚ್ಚ ಕೂಗ್ತಾರೋ, ಅವರ ಕೂಸು ಕ್ಯಾಪ್ಟನ್ ಸಾಹೇಬರ ಟೋಪಿ ಹಾಕ್ಕೊಂಡು ಹಡಗದ ಭೋಂಗಾ ಒತ್ತತೈತ್ರಿ!”

ಸವಾಲು! ಭೋಂಗಾ! ಬಾಬಾಸಾಹೇಬನ ಮೈ ಜುಮ್ಮೆಂದಿತು. ಗಾಳಿಯಲ್ಲಿ ಬೆರಳೊತ್ತುವ ಮಗಳು ಕಣ್ಣಿಗೆ ಕಟ್ಟಿದಳು. ಕಿಸೆಯಲ್ಲಿ ಇನ್ನೂ ನೂರು ಉಳಿದಿದೆ. ಬಜೆಟ್ಟಿನೊಳಗೇ ಮಗಳ ಆಸೆಯನ್ನೂ ತೀರಿಸಿ, ಹೆಂಡತಿಯ ಬಾಯನ್ನೂ ಮುಚ್ಚಿಸಬಹುದು!

“ಐವತ್ತೊಂದು!” ಕೈ ಮೇಲೆ ಹೋಯಿತು.

“ಐವತ್ತೊಂದ ಬಂತ್ರಿ! ಹೆಣ್ಣಮಕ್ಕಳ ಬಾಜೂದಿಂದ ಎಪ್ಪತ್ತೈದು!”

“ನೂರು!”

“ಹೆಣ್ಣಮಕ್ಕಳ ಬಾಜೂ ನೂರಾ ಒಂದು!”

ಒಂದೇ ಒಂದು ರೂಪಾಯಿ ಹೆಚ್ಚು! ಬಾಬಾಸಾಹೇಬನ ಕೈ ಅರ್ಧಕ್ಕೆ ನಿಂತಿತು. ಕೀಲಿಕೈ ಸೊಂಟದಲ್ಲಿ ತಣ್ಣಗೆ ತಾಕಿತು. ಆಗ ವ್ಯಾಪಾರಿ ಬುದ್ಧಿ ಕಿವಿಯಲ್ಲಿ ಉಸುರಿತು: ಅಲ್ಲೋ ಮಾರಾಯ, ಸಾಲಿಯ ಫಂಡು ಅಂದರೆ ದಾನ. ದಾನ ಅಂದರೆ ಧರ್ಮದ ಬಾಬತ್ತು. ಆ ಖಾತೆಯೇ ಬೇರೆ! ಸವಾಲಿನ ರೊಕ್ಕ ಹೇಗೂ ಮುಂದಿನ ವರ್ಷ ಕೊಡುವುದು!

“ನೂರಾ ಐವತ್ತೊಂದು!”

ಆಮೇಲೆ ಆತನನ್ನು ಹಿಡಿಯುವವರೇ ಇರಲಿಲ್ಲ. ಹೆಂಗಸರ ಕಡೆಯಿಂದ ಇನ್ನೂರಾ ಒಂದು! ಈತನದು ಇನ್ನೂರಾ ಐವತ್ತೊಂದು! ಮುನ್ನೂರಾ ಒಂದು! ಐನೂರಾ ಒಂದು! ಪರಪ್ಪ ಕುರ್ಚಿಯ ತುದಿಗೆ ಬಂದ. ಹಾಲಿನವರೆಲ್ಲ ಚಪ್ಪಾಳೆ ಹೊಡೆಯತೊಡಗಿದರು. ಕಿಶೋರನ ಧ್ವನಿ ಕೀರಲಾಯಿತು.

“ಏಳ್ನೂರಾ ಒಂದು! ಹೆಣ್ಣಮಕ್ಕಳ ಬಾಜೂ ಎಂಟ್ನೂರಾ ಒಂದು! ಗಂಡಸ್ರು ಏನಂತೀರಿ?”

“ಸಾವಿರದ ಒಂದು!” ಬಾಬಾಸಾಹೇಬ ಕುರ್ಚಿಯಿಂದ ಎದ್ದೇ ನಿಂತ.

ಹಾಲು ಗಪ್ಪಾಯಿತು. ಕಿಶೋರ ಮೈಕಿನಲ್ಲಿ ಉಸಿರು ಬಿಟ್ಟ. “ಸಾವಿರದ ಒಂದು, ಒಂದ ಸಲಾ… ಎರಡ ಸಲಾ… ಅಬಬಬಾ! ಹೆಣ್ಣಮಕ್ಕಳ ಬಾಜೂ ಸಾವಿರದ ನೂರಾ ಒಂದು!”

ಸಾವಿರದ ನೂರಾ ಒಂದು! ಆ ಅಂಕಿ ಕೇಳಿ ಬಾಬಾಸಾಹೇಬನಿಗೆ ನಿದ್ದೆಯಿಂದ ಎದ್ದಂತಾಯಿತು. ತಾನು ಎಲ್ಲಿ ನಿಂತಿದ್ದೇನೆ, ಏನು ಕೂಗುತ್ತಿದ್ದೇನೆ ಎಂಬುದು ತಿಳಿಯಿತು. ಮೆಲ್ಲಗೆ ಕೂತ. ಮಗಳನ್ನು ನೆನೆದು ಕೆಡುಕೆನಿಸಿತು, ಖರೆ. ಆದರೆ ಗಂಡಾಂತರ ತಪ್ಪಿತೆಂಬ ಸಮಾಧಾನ ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು.

“ಮೂರ ಸಲಾ! ಹೆಣ್ಣಮಕ್ಕಳ ಬಾಜೂ ಸವಾಲ ಆತ್ರಿ!”

ಬಾಬಾಸಾಹೇಬ ಪರಪ್ಪನ ಕಡೆ ಬಾಗಿ ನಕ್ಕ. “ಯಾವ ಮನಿಮುರಕ ಹೆಣ್ಣಮಗಳೋ ಮಾರಾಯ! ಒಂದ ಭೋಂಗಾಕ್ಕ ಸಾವಿರದ ನೂರಾ ಒಂದ! ಮನ್ಯಾಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನ ಆಕಿಗೆ? ಪಾಪ, ರೊಕ್ಕಾ ಕೊಡಾವನ ಗತಿ ನೆನಸ್ಕೋ!”

ಪರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಕಿಶೋರ ಮೈಕನ್ನು ಗೆದ್ದವರ ಮುಂದೆ ಹಿಡಿದ. ಹಡಗಿನ ಏಳೂ ಅಂತಸ್ತಿಗೆ ಕೇಳುವಂತೆ ಒಂದು ಧ್ವನಿ ಮೊಳಗಿತು. ಬಾಬಾಸಾಹೇಬ ಹುಟ್ಟಿದಾಗಿನಿಂದ ಕೇಳಿದ ಧ್ವನಿ.

“ರೊಕ್ಕಾ ನನ್ನ ಮಗಾ ಕೊಡ್ತಾನ್ರಿ! ಅಲ್ಲೇ ಗಂಡಸರ ಬಾಜೂ ಕುಂತಾನ ನೋಡ್ರಿ, ಹುಕ್ಕೇರಿ ಬಾಬಾಸಾಹೇಬ!”

ಪರಪ್ಪನ ನಗು ನಿಂತಿತು. ಬಾಬಾಸಾಹೇಬನ ಮುಖ ನೋಡಿದ ಮೇಲೆ ಮತ್ತೆ ಶುರುವಾದದ್ದು ಗೋವಾ ಬರುವವರೆಗೂ ನಿಲ್ಲಲಿಲ್ಲ.

“ಅವ್ವಾ!” ಎನ್ನುತ್ತ ಕರಿ ಡಬ್ಬಿಗಳನ್ನು ಬಳಸಿಕೊಂಡು ಬಾಬಾಸಾಹೇಬ ಆ ಕಡೆ ಓಡಿದ. “ಏನ್ ಮಾಡಿದಿ ಅವ್ವಾ?”

“ನಾ ಏನ್ ಮಾಡ್ಲೋ? ಕೂಸು ಸೆರಗ ಹಿಡಕೊಂಡು ಅಳಾಕತ್ತಿತ್ತು. ನೂರಾ ಒಂದಕ್ಕ ಮುಗೀತಿತ್ತು. ಗಂಡಸರ ಬಾಜೂ ಯಾವನೋ ಒಬ್ಬ ದೀಡಪಂಡಿತ ಬಿಡವಲ್ಲ! ಏರಿಸ್ತಾನ, ಏರಿಸ್ತಾನ! ನಮ್ಮ ಮನೆತನ ಸವಾಲಿನ್ಯಾಗ ಹಿಂದ ಸರದೈತೇನ? ಯಾರೋ ಅಂವಾ? ನೀ ನೋಡಿದೇನ ಅವನ ಮಾರಿ?”

ಬಾಬಾಸಾಹೇಬ ನೋಡಿರಲಿಲ್ಲ. ಕನ್ನಡಿ ಕೋಣೆಯಲ್ಲಿತ್ತು.

ಕೊನೆಯ ಪ್ರಯತ್ನವೆಂದು ಕಿಶೋರನ ಕಿವಿಯಲ್ಲಿ ಪಿಸುಗುಟ್ಟಿದ. “ಕಿಶೋರ ಅವರ, ಮುಂದಿನ ಚಾತುರ್ಮಾಸದಾಗ ಮುಟ್ಟಿಸಿದ್ರ ನಡೀತೈತಿಲ್ರಿ?”

“ಸಾವಕಾರ್ರ, ಮುಂಜಾನಿ ಎಂಟಕ್ಕ ಹಡಗ ಇಳೀತೀರಿ. ಹಡಗದಾಗ ಚಾತುರ್ಮಾಸ ಇಲ್ರಿ,” ಎಂದು ಕಿಶೋರ ಪಾವತಿ ಪುಸ್ತಕ ಬಿಚ್ಚಿದ.

ಬನಿಯನ್ನಿನ ಕಳ್ಳಕಿಸೆಯಲ್ಲಿ ಅಡಚಣೆಗೆಂದು ಇಟ್ಟಿದ್ದ ನೋಟುಗಳು ಒಂದೊಂದಾಗಿ ಹೊರಬಂದವು. ಆದರೆ, ಒಂದು ಮಾತು ಹೇಳಲೇಬೇಕು. ಕ್ಯಾಪ್ಟನ್ನರ ಟೋಪಿ ಮೂಗಿನವರೆಗೆ ಇಳಿದಿದ್ದ ಭಕ್ತಿ, ಗುಂಡಿಯ ಮೇಲೆ ಎರಡೂ ಅಂಗೈ ಇಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದಾಗ, ಭೋಂ ಎಂದು ಇಡೀ ಸಮುದ್ರ ಅದುರಿದಾಗ, “ಪಪ್ಪಾ, ನಾ! ನಾ ಒತ್ತೀನಿ!” ಎಂದು ಅವಳು ಕಿರುಚಿ ಕುಣಿದಾಗ, ಬಾಬಾಸಾಹೇಬನ ಕಣ್ಣು ತುಂಬಿ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಆತನೇ. ಒಂದೇ ಸಲ ಒತ್ತಬೇಕೆಂಬ ಕರಾರಿದ್ದರೂ ಅವಳು ಮೂರು ಸಲ ಒತ್ತಿದಳು. ಅಪ್ಪ ಮನಸ್ಸಿನಲ್ಲೇ ಸಾವಿರದ ನೂರಾ ಒಂದನ್ನು ಮೂರರಿಂದ ಭಾಗಿಸಿ, ಸಲಕ್ಕೆ ಮುನ್ನೂರಾ ಅರವತ್ತೇಳು ಬಿತ್ತೆಂದು ತುಸು ಸಮಾಧಾನ ಪಟ್ಟುಕೊಂಡ.

ಹೊರಗೆ ಡೆಕ್ಕಿನಲ್ಲಿ ರೂಪಾಲಿ ಕಾದಿದ್ದಳು.

“ನೀ ಎಲ್ಲಿದ್ದಿ ಇಷ್ಟೊತ್ತನ?”

“ಬಾಗಲ್ದಾಗ ನಿಂತಿದ್ನಿರಿ. ಅಲ್ಲಿಂದ ಎರಡೂ ಬಾಜೂ ಛಲೋ ಕಾಣ್ತಾವ. ಈ ಕಡೆ ನೀವು ಕೈ ಎತ್ತೋದು, ಆ ಕಡೆ ಅತ್ತಿಯವರು ಕೈ ಎತ್ತೋದು.”

“ಮೊದಲಿಂದ ನೋಡಾಕತ್ತಿದ್ದಿ?”

“ಐವತ್ತೊಂದರಿಂದ್ರಿ.”

“ಮತ್ತ ಒಂದ ಮಾತ ಹೇಳಬಾರ್ದೇನ?”

“ಅಯ್ಯ, ಸವಾಲ ನಡದಾಗ ನಡುವ ಬಾಯಿ ಹಾಕಬಾರದಂತ ನೀವ ಹೇಳಿರಲ್ರಿ!” ಎಂದು ರೂಪಾಲಿ ಅಂಗೈ ಮುಂದೆ ಚಾಚಿದಳು.

ಉಡದಾರದ ಗಂಟು ಬಿಚ್ಚಲು ಬಾಬಾಸಾಹೇಬನಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ಗೋವಾದಿಂದ ಘಟ್ಟ ಹತ್ತಿ ಬಂದ ಬಸ್ಸು ಮಧ್ಯಾಹ್ನ ಸಂಕೇಶ್ವರದಲ್ಲಿ ಚಹಾಕ್ಕೆ ನಿಂತಿತು. ಬಾಬಾಸಾಹೇಬ ಅಭ್ಯಾಸಬಲದಿಂದ ಕಿಸೆಗೆ ಕೈ ಹಾಕಿದ. ಕಿಸೆ ಮುಂಜಾನೆಯೇ ಹೆಂಡತಿಯ ವಶವಾಗಿತ್ತು. ಸಂಕೋಚದಿಂದ ಅವಳ ಕಡೆ ನೋಡಿದ. ರೂಪಾಲಿ ಸೆರಗಿನ ಕೀಲಿಕೈ ಸರಿಪಡಿಸಿಕೊಳ್ಳುತ್ತ ಚೀಲದಿಂದ ಒಂದು ಪಾಕೀಟು ತೆಗೆದು ಕೊಟ್ಟಳು. ಅಂಗಡಿಯ ಸಿಕ್ಕಾ ಇದ್ದ ಅದೇ ಪಾಕೀಟು. ಮಗನ ಹೆಸರನ್ನು ಹೊಡೆದು ಹಾಕಿ, ಮಗನದೇ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: “ಪಪ್ಪಾ, ಖಾವು.” ಒಳಗೆ ಆರು ರೂಪಾಯಿ.

ಸಂಕೇಶ್ವರದಲ್ಲಿ ಚಹಾ ಮೂರು ರೂಪಾಯಿ. ಎರಡು ಸಲ ಕುಡಿಯಬಹುದು ಎಂದು ಲೆಕ್ಕ ಹಾಕುತ್ತ ಬಾಬಾಸಾಹೇಬ ಇಳಿದ. ಒಂದು ಚಹಾ ಹೇಳಿ ಮೊದಲ ಗುಟುಕು ಹೀರಿದ್ದಷ್ಟೇ, ಅಂಗಡಿಯ ಆ ತುದಿಯಿಂದ ಹುಟ್ಟಿದಾಗಿನಿಂದ ಕೇಳಿದ ಧ್ವನಿ ಮತ್ತೆ ಮೊಳಗಿತು.

“ನನಗೂ ಒಂದ ಚಹಾ ಕೊಡೋ ತಮ್ಮಾ! ರೊಕ್ಕಾ ನನ್ನ ಮಗಾ ಕೊಡ್ತಾನ!”

ಬಾಬಾಸಾಹೇಬ ಪಾಕೀಟನ್ನು ಬೋರಲು ಮಾಡಿದ. ಆರೂ ರೂಪಾಯಿ ಹೋದವು. ಪಾಕೀಟಿನ ತಳದಿಂದ ಚೀಟಿಯೊಂದು ಹಾರಿ ಬಿತ್ತು. ಬಸ್ಸಿಳಿದು ಬಂದ ಭಕ್ತಿ ಅದನ್ನು ಹೆಕ್ಕಿ, ಅಪ್ಪನ ಮುಖವನ್ನೊಮ್ಮೆ ನೋಡಿ, ಸಾಲಿಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದಳು.

“ಕಲಮು ಮೂರು. ಪಾಕೀಟು ಖಾಲಿಯಾದರೆ ಅಳುವಂತಿಲ್ಲ!”